ಹಳೇ ಬಾಕಿ

ಕಬ್ಬನ್‌ಪೇಟೆಯ ಆ ಓಣಿಯಲ್ಲಿ ಬೈಕು ಬಂದರೆ
ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು.
ಹಾಗೆ ನಿಂತ ಬೆನ್ನುಗಳಿಗೆಲ್ಲ ಗೊತ್ತು
ಸುಜನ ವಿಲಾಸದ ಹಿಂಗೋಡೆ ಎಷ್ಟು ತಣ್ಣಗಿದೆಯೆಂದು.

ನಾಟಕ ನಿಂತು, ಸಿನಿಮಾ ಬಂದು, ಅದೂ ನಿಂತು,
ಇಪ್ಪತ್ತೆರಡು ವರ್ಷ ರಟ್ಟಿನ ಡಬ್ಬಗಳ ಗೋಡೌನು.
ಮಾಲೀಕರ ಮೊಮ್ಮಗಳು ಬೀಗದಕೈ ತಂದುಕೊಟ್ಟಳು:
"ಮೂರು ವರ್ಷ ಬಾಡಿಗೆ ಬೇಡ. ಬೀಳದ ಹಾಗೆ ನೋಡ್ಕೊಳ್ಳಿ."

ಬೀಳದ ಹಾಗೆ ಎಂದರೆ
ಮೊದಲು ಪಾರಿವಾಳದ ಹಿಕ್ಕೆ, ಹದಿನೇಳು ಚೀಲ.
ಆಮೇಲೆ ಹೆಂಚು, ತೊಲೆ, ಗೆದ್ದಲಿನ ಔಷಧಿ.
ಜರಿ ಅಂಗಡಿಯ ಪಾರಸ್‌ಮಲ್ ಹಗ್ಗ ಕೊಟ್ಟರು,
ಜೊತೆಗೆ ಬಿಲ್ಲನ್ನೂ ಕೊಟ್ಟರು.
ಬ್ಯಾಂಡ್‌ಸೆಟ್ ಮುನಾವರ್ ಹುಡುಗರನ್ನು ಕಳಿಸಿದ:
"ಆಷಾಢ, ಮದುವೆಯಿಲ್ಲ, ಸುಮ್ಮನೆ ತಿಂತಾವೆ."
ಹೂವಿನ ತುಳಸಮ್ಮನಿಂದ ದಿನಕ್ಕೊಂದು ಮೊಳದ ದುಡ್ಡು.
ಗೇಟು ನರಸೋಜಿಯ ಮಗಳೆಂದು
ಲೆಕ್ಕದ ಪುಸ್ತಕ ನನ್ನ ಕೈಗೆ.

ರಾಯಚೂರ ಕಡೆಯ ಗಾರೆಯವ ಹುಲಿಗೆಪ್ಪ
ಹಿಂಗೋಡೆ ಕೆರೆಯುತ್ತಿದ್ದವನು ಕರೆದ:
"ಅಕ್ಕಾರ, ಇಲ್ಲೊಂದು ತೂತೈತಿ. ಮುಚ್ಚಲೇನ್ರಿ?"
ಮೊಣಕಾಲೆತ್ತರ. ಇಷ್ಟು ಕೆಳಗೆ ಯಾರ ಕಣ್ಣು?

ತೂತು ಇಳಿದಿಲ್ಲ, ಓಣಿ ಎದ್ದಿದೆ.
ಪ್ರತಿ ಚುನಾವಣೆಗೂ ಒಂದು ಪದರ ಡಾಂಬರು,
ಹಳೆಯದನ್ನು ಕೆರೆಯದೆ, ಮೇಲಕ್ಕೆ ಮೇಲೆ.
ಏಳು ವರ್ಷದ ಹುಡುಗನ ಕಣ್ಣು ಇದ್ದ ಕಡೆ
ಈಗ ನನ್ನ ಸೀರೆಯ ಅಂಚು ಒರೆಸುತ್ತದೆ.

ತೂತು ಸಿಕ್ಕಿತಂತೆ ಎಂಬ ಸುದ್ದಿ
ಬಾಳೆಮಂಡಿ ದಾಟಿ ಎಲ್ಲೆಲ್ಲಿಗೋ ಹೋಯಿತು.
ಭಾನುವಾರ ಅವರು ಬಂದರು.

ತೊಗಟರ ಚೌಡಪ್ಪ, ಕೈಯಲ್ಲಿ ಐನೂರರ ನೋಟು:
"ಬರಕೋಮ್ಮ. ಹನ್ನೊಂದು ನಾಟಕ. ನೆಲ, ನಾಲ್ಕಾಣೆ."
ಚಿಲ್ಲರೆ ಎಣಿಸಿದರೆ "ಬಡ್ಡಿ" ಎಂದು ಹೊರಟೇಬಿಟ್ಟ.
ಕಂಡಕ್ಟರಾಗಿ ರಿಟೈರಾದ ಅಂತೋಣಿದಾಸ್:
"ನಾನು ನೋಡಿದ್ದು ಎಡಗಣ್ಣಲ್ಲಿ ಮಾತ್ರ. ಅರ್ಧ ಚಾರ್ಜು."
ಹಬೀಬುನ್ನೀಸಾ ಬಾಗಿಲಲ್ಲೇ ನಿಂತು ನಕ್ಕರು:
"ಅಣ್ಣಂದಿರು ಸಾಕೆಂದು ಎದ್ದ ಮೇಲೆ ನನ್ನ ಪಾಳಿ.
ಕಡೇ ಅಂಕ ಎಲ್ಲಾ ನೋಡಿದೀನಿ ಕಣಮ್ಮ,
ಒಂದು ನಾಟಕದ್ದೂ ಶುರು ನೋಡಿಲ್ಲ."

ಆ ದಿನದ ಜಮೆ ಒಂಬತ್ತು ಸಾವಿರದ ಇನ್ನೂರ ಹತ್ತು.
ವಿವರದ ಕಾಲಮ್ಮಿನಲ್ಲಿ 'ಕಳ್ಳನೋಟ' ಎಂದು ಬರೆದೆ.
ಆಡಿಟರು 'ನೋಟು' ಎಂದು ಓದಿಯಾರೆಂದು ಹೊಡೆದುಹಾಕಿ
'ಹಳೇ ಬಾಕಿ' ಎಂದೆ.

ಎಲ್ಲರಿಗೂ ಅಪ್ಪನ ನೆನಪು.
ಎಂಥ ಗಡಸು ಮನುಷ್ಯ! ಓಣಿಯ ತಿರುವಿನಿಂದಲೇ
ಕೋಲು ಕುಟ್ಟುತ್ತ, ಕೆಮ್ಮುತ್ತ ಬರುತ್ತಿದ್ದನಂತೆ.
ಇವರು ಓಡುತ್ತಿದ್ದರಂತೆ. ಒಬ್ಬನೂ ಒಮ್ಮೆಯೂ
ಕೈಗೆ ಸಿಕ್ಕಿರಲಿಲ್ಲವಂತೆ.

ಸಂಜೆ ಹುಲಿಗೆಪ್ಪ ಮತ್ತೆ ಕರೆದ.
"ಕೊರೆದಾವ್ರು ಹುಡುಗ್ರು, ಮೊಳೀಲೇ ಕೊರದಾರ.
ಆದ್ರ ಈ ಅಂಚು ನೋಡ್ರಿ, ಸುಣ್ಣದ ಗಾರಿ.
ಯಾರೋ ದೊಡ್ಡಾವ್ರು ಬೆರಳಿಂದ ನುಣ್ಣಗ ತೀಡ್ಯಾರ,
ಕಣ್ಣಿಗೆ ಇಟ್ಟಂಗಿ ಚುಚ್ಚಬಾರದಂತ."

ತೀಡಿದ ಗುರುತಿಗೆ ಹೆಬ್ಬೆರಳು ಇಟ್ಟು ನೋಡಿದೆ.
ಅದು ನನ್ನದಕ್ಕಿಂತ ಅಗಲ.
ಮನೆಗೆ ಒಂದು ಪಾಸೂ ತಾರದಿದ್ದ ಮನುಷ್ಯ.
ಗೇಟಿನಲ್ಲಿ ನನ್ನನ್ನು ತಡೆದು,
ಟಿಕೆಟ್ಟೆಲ್ಲಿ ಎಂದು ಎಲ್ಲರೆದುರು ಕೇಳಿದ್ದ ಮನುಷ್ಯ.

ಸೂರಿನ ಅರ್ಧಕ್ಕೆ ಇನ್ನೂ ಹೆಂಚಿಲ್ಲ.
ಪಾಲಿಕೆಯ ಎಂಜಿನಿಯರು ನಾಳೆ ಎಂದಿದ್ದಾರೆ, ಮೂರನೇ ಸಲ.
ಆದರೂ ಒಳಗೆ ಹ್ಯಾಲೊಜನ್ ಹಚ್ಚಿ
ಮುನಾವರನ ಹುಡುಗರು ರಂಗದ ಹಲಗೆ ತುಳಿದು ನೋಡುತ್ತಿದ್ದಾರೆ,
ಯಾವುದು ಟೊಳ್ಳು, ಯಾವುದು ಗಟ್ಟಿ.

ಮುಚ್ಚಬೇಡ ಎಂದೆ ಹುಲಿಗೆಪ್ಪನಿಗೆ.
ಸೆರಗು ಸಿಕ್ಕಿಸಿ, ಡಾಂಬರಿನ ಮೇಲೆ ಮೊಣಕಾಲೂರಿ
ಅಂಚಿಗೆ ಕೆನ್ನೆ ಇಟ್ಟೆ.
ಬೆನ್ನ ಹಿಂದೆ ಬೈಕಿನವನು ಹಾರನ್ ಒತ್ತಿದ.
ಒತ್ತಲಿ.